ಎಕ್ಸ್‌ರೇಗೆ ಕಾಣದ ನೋವು

ದ್ವಿತೀಯ ಪಿಯುಸಿ ವಿಜ್ಞಾನದ ನಮ್ಮ ತರಗತಿಯಲ್ಲಿ ‘ಮುಂದೇನು?’ ಎಂದು ಕೇಳಿದರೆ ಹೆಚ್ಚಿನವರ ಉತ್ತರ ‘ನೀಟ್’. ನಾನೂ ಅವರಲ್ಲೊಬ್ಬಳು. ಯಾವ ಡಾಕ್ಟರ್ ಆಗುತ್ತೀರಿ ಎಂದರೆ ಹೃದಯ, ಮಿದುಳು, ಕಣ್ಣು ಎನ್ನುತ್ತಾರೆ. ನೋವಿನ ಡಾಕ್ಟರ್ ಆಗುತ್ತೇನೆ ಎಂದವರನ್ನು ನಾನು ಕಂಡಿಲ್ಲ. ಆದರೆ ಜನ ಡಾಕ್ಟರ ಬಳಿ ಹೋಗುವುದಕ್ಕೆ ಬಹಳ ಸಲ ನೋವೇ ಕಾರಣ.

ನನ್ನ ಉಮ್ಮ ಬೀಡಿ ಕಟ್ಟುತ್ತಾರೆ. ಮೊರವನ್ನು ಮಡಿಲಲ್ಲಿಟ್ಟು, ಕತ್ತು ಬಗ್ಗಿಸಿ ದಿನವಿಡೀ ಕೂರುವ ಕೆಲಸ. ನನ್ನ ಫೀಸು ಬಂದದ್ದೂ ಆ ಮೊರದಿಂದಲೇ. ಎರಡು ವರ್ಷದಿಂದ ಅವರಿಗೆ ಕುತ್ತಿಗೆಯಿಂದ ಭುಜದವರೆಗೆ ನೋವು. ಎಕ್ಸ್‌ರೇ, ರಕ್ತ ಪರೀಕ್ಷೆ ಎಲ್ಲ ಆಯಿತು. ರಿಪೋರ್ಟ್ ನೋಡಿದ ಡಾಕ್ಟರು, ‘ಏನೂ ಇಲ್ಲಮ್ಮ, ಟೆನ್ಷನ್ ಕಡಿಮೆ ಮಾಡಿ’ ಎಂದು ಮಾತ್ರೆ ಬರೆದುಕೊಟ್ಟರು. ಬಸ್ಸಿನಲ್ಲಿ ಉಮ್ಮ ಕೇಳಿದರು: ‘ಏನೂ ಇಲ್ಲದಿದ್ದರೆ ನೋಯುವುದು ಯಾಕೆ?’ ಆಮೇಲೆ ಅವರು ನೋವಿನ ಬಗ್ಗೆ ಮಾತಾಡುವುದನ್ನೇ ಬಿಟ್ಟರು. ನೋವಿಗಿಂತ ಆ ಮೌನ ನನ್ನನ್ನು ಹೆಚ್ಚು ಹೆದರಿಸಿತು.

ಅವರ ಪ್ರಶ್ನೆಗೆ ಉತ್ತರ ಹುಡುಕುತ್ತಾ ಓದಿದೆ. ಮೂರು ತಿಂಗಳಿಗಿಂತ ಹೆಚ್ಚು ಕಾಲ ಉಳಿಯುವ, ಅಥವಾ ಮತ್ತೆ ಮತ್ತೆ ಬರುವ ನೋವನ್ನು ದೀರ್ಘಕಾಲಿಕ ನೋವು ಎನ್ನುತ್ತಾರೆ. ನೋವಿನ ಸಂದೇಶ ಪದೇ ಪದೇ ಬಂದರೆ ಬೆನ್ನುಹುರಿಯ ನರಕೋಶಗಳೇ ಅತಿ ಸೂಕ್ಷ್ಮವಾಗಬಹುದು ಎಂದು ಕ್ಲಿಫರ್ಡ್ ವೂಲ್ಫ್ ಎಂಬ ವಿಜ್ಞಾನಿ 1983ರಲ್ಲಿ ತೋರಿಸಿದರು. ಆಗ ಸಣ್ಣ ಒತ್ತಡವೂ ದೊಡ್ಡ ನೋವಾಗುತ್ತದೆ. ಎಲ್ಲರ ನೋವಿಗೂ ಇದೇ ಕಾರಣವಲ್ಲ. ಆದರೆ ಎಕ್ಸ್‌ರೇ ತೋರಿಸುವುದು ಮುಖ್ಯವಾಗಿ ಮೂಳೆಯನ್ನು. ನರಗಳ ಈ ಬದಲಾವಣೆ ಅದರಲ್ಲಿ ಕಾಣುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ 11ನೇ ಆವೃತ್ತಿ 2022ರಲ್ಲಿ ಜಾರಿಗೆ ಬಂತು. ದೀರ್ಘಕಾಲಿಕ ನೋವಿಗೆ ಅದರಲ್ಲಿ ತನ್ನದೇ ಜಾಗವಿದೆ.

ಹಾಗಾದರೆ ಡಾಕ್ಟರುಗಳಿಗೆ ಇದು ಗೊತ್ತಿರುವುದಿಲ್ಲವೇ? ಕಲಿಸಿದ್ದರೆ ತಾನೇ ಗೊತ್ತಾಗುವುದು! ಕೆನಡಾದ ಹತ್ತು ವಿಶ್ವವಿದ್ಯಾಲಯಗಳ ಸಮೀಕ್ಷೆಯೊಂದು 2009ರಲ್ಲಿ ಪ್ರಕಟವಾಯಿತು. ನೋವಿನ ಬಗ್ಗೆ ವೈದ್ಯಕೀಯ ವಿದ್ಯಾರ್ಥಿಗಳಿಗೆ ಸಿಗುತ್ತಿದ್ದ ಪಾಠ ಸರಾಸರಿ 16 ಗಂಟೆ. ಪಶುವೈದ್ಯ ವಿದ್ಯಾರ್ಥಿಗಳಿಗೆ 87 ಗಂಟೆ! ಬಾಯಿಲ್ಲದ ಪ್ರಾಣಿಯ ನೋವನ್ನು ಅರಿಯಲು ಅಷ್ಟು ಹೊತ್ತು. ಬಾಯಿಬಿಟ್ಟು ಹೇಳುವ ಮನುಷ್ಯನ ನೋವಿಗೆ ಇಷ್ಟೇ. ನೋವಿನ ಅಧ್ಯಯನದ ಅಂತಾರಾಷ್ಟ್ರೀಯ ಸಂಘವು 2020ರಲ್ಲಿ ನೋವಿನ ವ್ಯಾಖ್ಯೆಯನ್ನು ಪರಿಷ್ಕರಿಸಿದಾಗ, ತನಗೆ ನೋವಿದೆ ಎಂದು ಒಬ್ಬರು ಹೇಳಿದರೆ ಆ ಮಾತನ್ನು ಗೌರವಿಸಬೇಕು ಎಂದು ಸೇರಿಸಿತು. ನಮ್ಮ ದೇಶದ ಎಂಬಿಬಿಎಸ್‌ನಲ್ಲೂ 2019ರಿಂದ ರೋಗಿಯೊಡನೆ ಮಾತನಾಡುವ ರೀತಿಯನ್ನು ಪಾಠವಾಗಿ ಕಲಿಸುತ್ತಿದ್ದಾರೆ.

ಈಚೆಗೆ ಊರಿನ ಆರೋಗ್ಯ ಕೇಂದ್ರದ ಡಾಕ್ಟರೊಬ್ಬರು ಉಮ್ಮನಿಗೆ, ‘ದಿನಕ್ಕೆ ಎಷ್ಟು ಬೀಡಿ ಕಟ್ಟುತ್ತೀರಿ? ಹೇಗೆ ಕೂರುತ್ತೀರಿ? ರಾತ್ರಿ ನಿದ್ದೆ ಬರುತ್ತದಾ?’ ಎಂದು ಕೇಳಿದರು. ಕೆಲವು ವ್ಯಾಯಾಮ ತೋರಿಸಿದರು, ಅರ್ಧ ಗಂಟೆಗೊಮ್ಮೆ ಏಳಲು ಹೇಳಿದರು. ನೋವು ಪೂರ್ತಿ ಹೋಗಿಲ್ಲ. ಆದರೆ ಉಮ್ಮ ಈಗ ಎಲ್ಲಿ, ಎಷ್ಟು ನೋಯುತ್ತದೆ ಎಂದು ಮತ್ತೆ ಹೇಳತೊಡಗಿದ್ದಾರೆ.

ಗೆಳತಿಯರೇ, ಗೆಳೆಯರೇ, ನಮ್ಮಲ್ಲಿ ಕೆಲವರಿಗೆ ನಾಳೆ ಬಿಳಿ ಕೋಟು ಸಿಗಬಹುದು. ರಿಪೋರ್ಟಿನಲ್ಲಿ ಏನೂ ಕಾಣದ ದಿನ ‘ಏನೂ ಇಲ್ಲ’ ಎನ್ನಬೇಡಿ. ‘ಇದರಲ್ಲಿ ಕಾಣುತ್ತಿಲ್ಲ, ನೀವೇ ಹೇಳಿ’ ಎನ್ನಿ. ಇದಕ್ಕೆ ನೀಟ್ ರ‍್ಯಾಂಕ್ ಬೇಕಿಲ್ಲ. ಮನೆಯಲ್ಲಿ ಇವತ್ತೇ ಶುರು ಮಾಡಬಹುದು.