ಊರು ತಿರುಗುವಾಕಿ

ನಮ್ಮ ಕಡೆ ಹೆಣ್ಣುಮಕ್ಕಳನ್ನು ಬೈಯುವುದಕ್ಕೆ ಬಹಳ ಮಾತು ಬೇಕಾಗಿಲ್ಲ. ‘ಊರು ತಿರುಗುವಾಕಿ’ ಅಂದರೆ ಸಾಕು. ನಮ್ಮ ಅತ್ತೆಯವರು ನನಗೆ ಹಾಗೆ ಅಂದದ್ದು ಒಂದೇ ಸಲ, ಮದುವೆಯಾಗಿ ಗುತ್ತಲಕ್ಕೆ ಬಂದ ಹೊಸದರಲ್ಲಿ. ಸಂತೆಯಿಂದ ಬರುವಾಗ ದಾರಿ ತಪ್ಪಿ ಕುಂಬಾರ ಓಣಿ ಹೊಕ್ಕು, ಅಲ್ಲಿ ತಿಗರಿ ತಿರುಗುವುದನ್ನು ನೋಡುತ್ತ ನಿಂತು, ಅರ್ಧ ತಾಸು ತಡವಾಗಿ ಮನೆ ಸೇರಿದ್ದೆ. ಆಮೇಲೆ ನಲವತ್ತು ವರ್ಷ ನನ್ನ ದಾರಿ ಗಟ್ಟಿಯಾಯಿತು. ಮನೆ, ಗುಡಿ, ಕಿರಾಣಿ ಅಂಗಡಿ, ಬಸ್‌ಸ್ಟ್ಯಾಂಡು. ತಿರುಗಿ ಮನೆ.

ಅಂಥ ನಾನು ಅರವತ್ತೆರಡನೆಯ ವಯಸ್ಸಿನಲ್ಲಿ ಬೆಂಗಳೂರು ತಿರುಗಿದೆ, ಒಬ್ಬಳೇ.

ಮಗಳ ಮನೆ ದಾಸರಹಳ್ಳಿಯಲ್ಲಿ. ಗಂಡ-ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು, ಮೊಮ್ಮಗಳು ಸಾಲೆಗೆ. ಒಂಬತ್ತಕ್ಕೆ ಬಾಗಿಲು ಹಾಕಿಕೊಂಡರೆ ನಾಲ್ಕರವರೆಗೆ ನಾನು ಮತ್ತು ನಾಲ್ಕು ಗೋಡೆ. ಹತ್ತು ದಿನ ತಾಳಿಕೊಂಡೆ. ಹನ್ನೊಂದನೆಯ ದಿನ ಆಧಾರ್ ಕಾರ್ಡು ಹಿಡಿದು ಸಿಟಿ ಬಸ್ಸು ಹತ್ತಿದೆ. 2023ರ ಜೂನ್‌ನಿಂದ ನಮಗೆ ಸರಕಾರಿ ಬಸ್ಸು ಪುಕ್ಕಟೆ ಆಗಿದೆಯಲ್ಲ, ಕಂಡಕ್ಟರ್ ಕಾರ್ಡು ನೋಡಿ ಸೊನ್ನೆ ರೂಪಾಯಿ ಟಿಕೀಟು ಹರಿದುಕೊಟ್ಟ. ಪುಕ್ಕಟೆ ಅಂತ ನಗುವವರು ನಗಲಿ. ಯಾರ ಹತ್ತಿರವೂ ರೊಕ್ಕ ಕೇಳದೆ, ಎಲ್ಲಿಗೆ, ಯಾಕೆ ಅಂತ ಹೇಳದೆ ಹೊರಟದ್ದು ನನ್ನ ಜನ್ಮದಲ್ಲಿ ಅದೇ ಮೊದಲು.

ಮೊದಲು ಮಲ್ಲೇಶ್ವರಕ್ಕೆ ಹೋದೆ. 1898ರಲ್ಲಿ ಪ್ಲೇಗು ಬಂದಾಗ ಇಕ್ಕಟ್ಟಾದ ಪೇಟೆ ಬಿಟ್ಟು ಹೊರಬಿದ್ದ ಜನರಿಗಾಗಿ ಬೆಳೆದ ಬಡಾವಣೆಗಳಂತೆ ಅದೂ, ಬಸವನಗುಡಿಯೂ. ಅಡ್ಡರಸ್ತೆಗಳಿಗೆಲ್ಲ ನಂಬರು. ಎಂಟನೆಯದಾದ ಮೇಲೆ ಒಂಬತ್ತನೆಯದೇ. ದಾರಿ ತಪ್ಪಬೇಕೆಂದರೂ ತಪ್ಪುವಂತಿಲ್ಲ. ಹೊಸದಾಗಿ ತಿರುಗಲು ಕಲಿಯುವವಳಿಗೆ ಇದಕ್ಕಿಂತ ಒಳ್ಳೆಯ ಊರುಂಟೇ? ಎಂಟನೆಯ ಕ್ರಾಸಿನಲ್ಲಿ ಒಂದು ಮೊಳ ಮಲ್ಲಿಗೆ ಕೊಂಡೆ. ಮುಡಿದುಕೊಳ್ಳುವುದೋ ಬೇಡವೋ ತಿಳಿಯದೆ ಚೀಲದೊಳಗೆ ಹಾಕಿಕೊಂಡೆ. ಮತ್ತೊಂದು ದಿನ ಬಸವನಗುಡಿಗೆ ಹೋಗಿ ದೊಡ್ಡ ಬಸವಣ್ಣನಿಗೆ ಕೈಮುಗಿದು ಗಾಂಧಿ ಬಜಾರಿನಲ್ಲಿ ಅಡ್ಡಾಡಿದೆ. ಅಲ್ಲಿ ನನ್ನಂಥ ಮುದುಕಿಯರೇ ಬಹಳ, ಯಾರೂ ತಿರುಗಿ ನೋಡಲಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಪೇಟೆ. ಕೆಂಪೇಗೌಡರು 1537ರಲ್ಲಿ ನಾಲ್ಕು ದಿಕ್ಕಿಗೆ ನಾಲ್ಕು ಜೋಡಿ ಎತ್ತು ಹೂಡಿಸಿ ಬೀದಿ ಗುರುತು ಮಾಡಿಸಿದರೆಂದು ಹೇಳುವ ಚೌಕ, ದೊಡ್ಡಪೇಟೆ ಚಿಕ್ಕಪೇಟೆ ಕೂಡುವಲ್ಲಿ. ಈಗ ಅಲ್ಲಿ ಎತ್ತಿರಲಿ, ಮನುಷ್ಯರಿಗೇ ಕಾಲಿಡಲು ಜಾಗವಿಲ್ಲ. ಆದರೆ ಹೆಸರುಗಳನ್ನು ಕೇಳಿ: ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೆಪೇಟೆ, ಗಾಣಿಗರಪೇಟೆ, ತಿಗಳರಪೇಟೆ. ದುಡಿಯುವ ಕೈಗಳ ಹೆಸರನ್ನೇ ಬೀದಿಗೆ ಇಟ್ಟಿದ್ದಾರೆ, ನಮ್ಮ ಓಣಿಗಳ ಹಾಗೆಯೇ. ಬಳೆಪೇಟೆಯಲ್ಲಿ ಬಳೆ ಕೊಳ್ಳೋಣವೆಂದು ಹೋದರೆ ಸಾಲಾಗಿ ತಬಲಾ, ಹಾರ್ಮೋನಿಯಂ, ವೀಣೆ ತೂಗುಬಿದ್ದಿದ್ದವು. ಕುಂಬಾರಪೇಟೆಯಲ್ಲಿ ಗಡಿಗೆ ಕೇಳಿದೆ. ಪ್ಲಾಸ್ಟಿಕ್ ಬಕೀಟುಗಳ ನಡುವೆ ಕೂತ ಹುಡುಗ ನಕ್ಕು, “ಮಣ್ಣಿಂದಾ ಆಂಟಿ?” ಅಂದ.

ತರಗುಪೇಟೆಯನ್ನು ಕಣ್ಣಿಗಿಂತ ಮೊದಲು ಮೂಗು ಗುರುತಿಸಿತು. ಮೆಣಸಿನಕಾಯಿ ಘಾಟು! ಬ್ಯಾಡಗಿ ಪೇಟೆಯ ಮಗ್ಗುಲಲ್ಲಿ ಬಾಳಿದವಳಿಗೆ ಅದು ತವರಿನ ವಾಸನೆ. ಚೀಲದ ಮೇಲೆ ಚುಚ್ಚಿದ ರಟ್ಟಿನಲ್ಲಿ ‘ಬ್ಯಾಡಗಿ ಡಬ್ಬಿ’ ಎಂದು ಬರೆದಿತ್ತು. ಒಂದು ಕಾಯಿ ಎತ್ತಿ ನೋಡಿದೆ. ಉದ್ದ, ಸಣಕಲು. “ಇದು ಡಬ್ಬಿ ಅಲ್ರೀ, ಕಡ್ಡಿ” ಅಂದೆ. ಸಾಹುಕಾರರು ಲೆಕ್ಕದ ಪುಸ್ತಕದಿಂದ ತಲೆ ಎತ್ತಿದರು. “ಹುಬ್ಳಿ ಕಡೆಯವರಾ?” ಬೆಂಗಳೂರಿನವರಿಗೆ ತುಂಗಭದ್ರೆಯಾಚೆ ಇರುವುದೆಲ್ಲ ಹುಬ್ಬಳ್ಳಿ. ಗುತ್ತಲ ಅಂದೆ, ತಿಳಿಯಲಿಲ್ಲ. ಚಂದ್ರಗುಪ್ತನ ವಂಶದವರೆಂದು ಹೇಳಿಕೊಂಡ ಗುತ್ತ ಅರಸರ ರಾಜಧಾನಿ ನಮ್ಮೂರು ಎಂದು ಅವರಿಗೆ ಹೇಳಿ ಏನು ಮಾಡಲಿ? ಹಾವೇರಿ ಅಂದೆ. “ಓ, ಏಲಕ್ಕಿ ಹಾರ!” ಅಂದು ಸ್ಟೂಲು ಎಳೆದು ಕೂಡಿಸಿದರು. ನನ್ನ ಮಾತಿಗೆ ಅಂಗಡಿಯೊಂದರಲ್ಲಿ ಸ್ಟೂಲು ಸಿಕ್ಕದ್ದೂ ಅದೇ ಮೊದಲು.

ಅಲ್ಲಿ ಕೂತಾಗಲೇ ಮಗಳ ಫೋನು ಬಂತು.

“ಅವ್ವಾ, ಎಲ್ಲಿದ್ದಿ?”

“ಇಲ್ಲೇ, ಗುಡಿಯಾಗ.”

ಅರವತ್ತೆರಡು ವರ್ಷದವಳು ಹೆತ್ತ ಮಗಳ ಮುಂದೆ ಸುಳ್ಳು ಹೇಳಿದೆ. ಯಾರೂ ಹೇಳಿಸಲಿಲ್ಲ, ತಾನಾಗಿಯೇ ಬಾಯಿಗೆ ಬಂತು.

ಸುಳ್ಳು ಬಹಳ ದಿನ ನಡೆಯಲಿಲ್ಲ. ಮೊಮ್ಮಗಳು ನನ್ನ ಚೀಲದಲ್ಲಿ ಪೆನ್ನು ಹುಡುಕಲು ಹೋಗಿ ಟಿಕೀಟುಗಳನ್ನು ಸುರುವಿದಳು. ಎಣಿಸಿದಳು, ಮೂವತ್ತೊಂದು. ಮಗಳ ಮುಖ ಕೆಂಪಾಯಿತು. “ನಿನಗೇನರ ಆದ್ರ ಮಂದಿ ನನಗ ಏನಂತಾರ? ಈ ವಯಸ್ಸಿನಾಗ ಊರು ತಿರುಗೋದು ಬೇಕಿತ್ತೇನು?”

ಅದೇ ಮಾತು. ಅದೇ ಧ್ವನಿ ಕೂಡ. ಅತ್ತೆಯವರು ಸತ್ತು ಎಷ್ಟೋ ವರ್ಷವಾದ ಮೇಲೆ, ಅವರನ್ನು ಸರಿಯಾಗಿ ನೆನಪೂ ಇಲ್ಲದ ಮೊಮ್ಮಗಳ ಬಾಯಲ್ಲಿ. ನನಗೆ ನಗು ತಡೆಯಲಾಗಲಿಲ್ಲ. ಯಾಕೆಂದು ಆಕೆಗೆ ತಿಳಿಯಲಿಲ್ಲ, ನಾನೂ ಬಿಡಿಸಿ ಹೇಳಲಿಲ್ಲ. ರಾತ್ರಿ ಹಾಸಿಗೆಯ ಹತ್ತಿರ ಬಂದು ತಾನೇ ಕೇಳಿದಳು, “ನಾಳೆ ಎಲ್ಲಿಗೆ ಹೊಂಟಿ?”

ಶಿವಾಜಿನಗರ ಅಂದೆ. 1949ರವರೆಗೆ ಆ ದಂಡು ಪ್ರದೇಶಕ್ಕೂ ಈ ಪೇಟೆಗೂ ಬೇರೆ ಬೇರೆ ಪುರಸಭೆಗಳಿದ್ದವಂತೆ. ಈಗಲೂ ಬಸ್ಸಿಳಿದರೆ ಬೇರೆ ಊರೇ ಅನಿಸುತ್ತದೆ. ರಸೆಲ್ ಮಾರ್ಕೆಟ್ಟಿನಲ್ಲಿ ಬುರ್ಖಾ ಹಾಕಿದ ನನ್ನ ವಯಸ್ಸಿನವರೊಬ್ಬರು ಖರ್ಜೂರ ಚೌಕಾಸಿ ಮಾಡುತ್ತಿದ್ದರು. ಅವರ ಉರ್ದು ನನಗೆ ಬಾರದು, ನನ್ನ ಕನ್ನಡ ಅವರಿಗೆ ಅರ್ಧ. ಆದರೂ ಇಬ್ಬರೂ ಸೇರಿ ಕಿಲೋಕ್ಕೆ ಇಪ್ಪತ್ತು ರೂಪಾಯಿ ಇಳಿಸಿದೆವು.

ಊರಿಗೆ ಮರಳಿದ ಮೂರನೆಯ ದಿನ ಸಂತೆ. ಕಾಯಿಪಲ್ಯೆ ಚೀಲ ಹಿಡಿದು ಬರುವಾಗ ಮನೆಯ ದಾರಿ ಬಿಟ್ಟು ಕುಂಬಾರ ಓಣಿಗೆ ತಿರುಗಿದೆ. ಇಷ್ಟು ವರ್ಷ ನಮ್ಮ ಬಾಗಿಲಿಗೇ ಬಂದು ಗಡಿಗೆ, ಹಣತೆ ಕೊಟ್ಟು, ಹೊರಗಿನ ಮೆಟ್ಟಿಲ ಮೇಲೆ ಕೂತು ನೀರು ಕುಡಿದು ಹೋಗುತ್ತಿದ್ದ ಅಜ್ಜಿ ತನ್ನ ಕಟ್ಟೆಯ ಮೇಲೆ ಕೂತಿದ್ದಳು. ನನ್ನನ್ನು ಕಂಡು ಗಡಬಡಿಸಿ ಎದ್ದಳು.

“ಏನ್ರೀ ಅಕ್ಕಾರ, ಹಾದಿ ತಪ್ಪಿ ಬಂದ್ರೇನು?”

“ಇಲ್ಲವಾ, ಹಾದಿ ಹುಡುಕ್ಕೊಂಡ ಬಂದೀನಿ” ಅಂದು ಅವಳ ಪಕ್ಕದಲ್ಲಿ ಕೂತೆ. ಅವಳು ಒಳಗೆ ನೋಡಿದಳು, ನನ್ನ ಮುಖ ನೋಡಿದಳು, ಮತ್ತೆ ಒಳಗೆ ನೋಡಿದಳು. ಕಡೆಗೆ ನಾನೇ ಕೇಳಬೇಕಾಯಿತು, “ಒಂದೀಟು ಚಾ ಮಾಡತಿ ಏನಬೇ?”