ಕೊನೆಗೆ ಮುಟ್ಟಿದವರು

ನಮ್ಮ ಮನೆಗಳಲ್ಲಿ ಎಲ್ಲೂ ಬರೆದಿಡದ ಒಂದು ಕಾನೂನಿದೆ. ಯಾವ ವಸ್ತು ಕೆಟ್ಟರೂ ಅದನ್ನು ಕೊನೆಗೆ ಮುಟ್ಟಿದವರೇ ಅಪರಾಧಿ. ಮಿಕ್ಸಿ ಹತ್ತು ವರ್ಷ ಅರೆದು ಅರೆದು ಸುಸ್ತಾಗಿರಲಿ, ಅದು ನಿಂತ ದಿನ ಚಟ್ನಿಗೆ ಕಾಯಿ ಹಾಕಿದವಳೇ ಅದನ್ನು ಕೆಡಿಸಿದವಳು. ಈ ಕಾನೂನಿನಡಿ ನಾನು ಎಷ್ಟೋ ಸಲ ಮಾತು ಕೇಳಿದ್ದೇನೆ. ಆದರೆ ನಾನೇ ನ್ಯಾಯಾಧೀಶೆಯಾಗಿ ಕೂತು ಒಂದು ತಪ್ಪು ತೀರ್ಪು ಕೊಟ್ಟಿದ್ದೆ ಎಂಬುದು ತಿಳಿದದ್ದು 2020ರ ಮಳೆಗಾಲದಲ್ಲಿ.

ಆಗ ಶಾಲೆಗಳು ಮುಚ್ಚಿದ್ದವು. ಮಗಳು ಹತ್ತನೆಯ ತರಗತಿ. ಪಾಠದ ವೀಡಿಯೊಗಳು ಬೆಳಿಗ್ಗೆ ಬರುತ್ತಿದ್ದವು. ಮನೆಗಿದ್ದ ಒಂದೇ ಸ್ಮಾರ್ಟ್‌ಫೋನು ಇವರ ಜೇಬಿನಲ್ಲಿ ಔಷಧಿ ಅಂಗಡಿಗೆ ಹೋಗುತ್ತಿತ್ತು. ರಾತ್ರಿ ಅದು ಮನೆ ಸೇರುವ ಹೊತ್ತಿಗೆ ಮಗಳು ಪುಸ್ತಕದ ಮೇಲೆ ತೂಕಡಿಸುತ್ತಿದ್ದಳು. ಹಾಲಿನ ಮೂಲೆಯಲ್ಲಿ 2010ರಲ್ಲಿ ಕೊಂಡ ಕಂಪ್ಯೂಟರೊಂದು ಹಳೆಯ ಸೀರೆಯ ತುಂಡು ಹೊದ್ದು ಕೂತಿತ್ತು. ಮೂರು ವರ್ಷದ ಹಿಂದೆ ಅದು ಪದೇ ಪದೇ ನೀಲಿ ಪರದೆ ತೋರಿಸಿ ಮಲಗಿಬಿಟ್ಟಿತ್ತು. ಕೊನೆಗೆ ಮುಟ್ಟಿದವಳು ಮಗಳು. ಯಾವುದೋ ಆಟ ಇಳಿಸಿಕೊಂಡಿದ್ದಳು. "ನೀನೇ ಹಾಳು ಮಾಡಿದ್ದು" ಎಂದು ನಾನು ಬೆನ್ನಿಗೊಂದು ಕೊಟ್ಟದ್ದೂ ಉಂಟು.

ಬೆಂಗಳೂರಿನಲ್ಲಿರುವ ಅಣ್ಣನ ಮಗನಿಗೆ ಫೋನಿನಲ್ಲಿ ಕಷ್ಟ ಹೇಳಿಕೊಂಡೆ. "ಅತ್ತೆ, ಅದರಲ್ಲಿರೋ ವಿಂಡೋಸ್ 7ರ ಕಾಲ ಈ ಜನವರಿಗೇ ಮುಗೀತು. ಲಿನಕ್ಸ್ ಹಾಕೋಣ. ದುಡ್ಡು ಕೊಡೋ ಹಾಗಿಲ್ಲ, ಹಳೇ ಯಂತ್ರಕ್ಕೂ ಹಗುರ" ಎಂದ. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲಿನಸ್ ಟೊರ್ವಾಲ್ಡ್ಸ್ ಎಂಬ 21 ವರ್ಷದ ಹುಡುಗ ಬರೆಯತೊಡಗಿದ್ದಂತೆ ಅದು. ಸ್ಪೀಡ್ ಪೋಸ್ಟಿನಲ್ಲಿ ಪೆನ್‌ಡ್ರೈವ್ ಬಂತು.

ಸಾಗರದ ಮಳೆಗೆ ಕರೆಂಟು ನಿಲ್ಲುವುದೇ ಕಷ್ಟ. ಅದು ಇದ್ದ ಒಂದು ಮಧ್ಯಾಹ್ನ, ಲ್ಯಾಂಡ್‌ಲೈನ್ ಫೋನನ್ನು ಕಿವಿಗೆ ಸಿಕ್ಕಿಸಿಕೊಂಡು ಕೂತೆ. ಕೆಲಸ ಅರ್ಧಕ್ಕೆ ಬಂದಿತ್ತು. ಇದ್ದಕ್ಕಿದ್ದಂತೆ ಪರದೆ ಕಪ್ಪಾಗಿ ಬಿಳಿ ಅಕ್ಷರಗಳು ಸಾಲುಗಟ್ಟಿದವು. ಕೊನೆಯಲ್ಲಿ 'ಕರ್ನೆಲ್ ಪ್ಯಾನಿಕ್' ಎಂದಿತ್ತು. ರಾತ್ರಿ ಬಂದ ಇವರು ನೋಡಿ, "ಇದ್ದದ್ದೂ ಹೋಯ್ತು" ಎಂದರು. ಕೊನೆಗೆ ಮುಟ್ಟಿದವಳು ಈಗ ನಾನು!

ಮರುದಿನ ಹುಡುಗ ಸಮಾಧಾನವಾಗಿ ತಿಳಿಸಿ ಹೇಳಿದ. ಕಂಪ್ಯೂಟರಿನ ಡಿಸ್ಕ್ ಅಂದರೆ ಅಟ್ಟ ಇದ್ದಂತೆ, ಸಾಮಾನೆಲ್ಲ ಅಲ್ಲಿ. ರ‍್ಯಾಮ್ ಎಂಬ ಮೆಮೊರಿ ಅಡುಗೆಕಟ್ಟೆ. ಕೆಲಸ ನಡೆಯುವುದು ಅಲ್ಲಿ. ಆ ಕಟ್ಟೆಯ ಮೇಲೆ ಯಾರಿಗೆ ಎಷ್ಟು ಜಾಗ ಎಂದು ಹಂಚುವ ಯಜಮಾನಿಯೇ ಕರ್ನೆಲ್. ಇಟ್ಟದ್ದು ಒಂದು, ತೆಗೆದಾಗ ಸಿಕ್ಕಿದ್ದು ಇನ್ನೊಂದು ಎಂದಾದರೆ ಅವಳೇನು ಮಾಡಿಯಾಳು? ಹಾಗೇ ಮುಂದುವರಿದರೆ ಅಡುಗೆಯೆಲ್ಲ ಹಾಳು. ಮುಂದೆ ಹೋಗುವುದು ಕ್ಷೇಮವಲ್ಲ ಎಂದು ಕಂಡಾಗ ಕೈ ಚೆಲ್ಲಿ ನಿಂತುಬಿಡುತ್ತಾಳೆ. ನನಗೆ ಆ ಯಜಮಾನಿಯ ಮೇಲೆ ಗೌರವವೇ ಬಂತು.

"ಪ್ರತಿ ಸಲ ಎಲ್ಲಿ ನಿಲ್ಲತ್ತೆ, ಬರೆದಿಡಿ" ಎಂದ. ಹಾಲಿನ ಲೆಕ್ಕದ ಪುಸ್ತಕದ ಹಿಂದೆ ಬರೆದೆ. ಒಮ್ಮೆ ಅರ್ಧದಲ್ಲಿ, ಒಮ್ಮೆ ಭಾಷೆ ಕೇಳುವಾಗಲೇ, ಒಮ್ಮೆ ಇನ್ನೇನು ಮುಗಿಯಿತು ಎನ್ನುವಾಗ. "ಪೆನ್‌ಡ್ರೈವಲ್ಲಿ ದೋಷ ಇದ್ರೆ ಸಾಮಾನ್ಯವಾಗಿ ಒಂದೇ ಜಾಗದಲ್ಲಿ ಎಡವತ್ತೆ ಅತ್ತೆ. ಇದು ಒಂದೊಂದು ಸಲ ಒಂದೊಂದು ಕಡೆ ಬೀಳ್ತಿದೆ. ನಂಗೆ ರ‍್ಯಾಮ್ ಮೇಲೇ ಅನುಮಾನ."

ಪೆನ್‌ಡ್ರೈವಿನ ಮೊದಲ ಪಟ್ಟಿಯಲ್ಲೇ ಮೆಮೊರಿ ಪರೀಕ್ಷೆ ಎಂಬುದೊಂದಿತ್ತು. ಒಂದೊಂದು ಡಬ್ಬಿಗೂ ಅಳೆದು ಅಕ್ಕಿ ತುಂಬಿ, ಮತ್ತೆ ಸುರಿದು ಅಳೆದು, ಸರಿಯಾಗಿದೆಯೇ ಎಂದು ನೋಡುವ ಕೆಲಸ ಅದು. ನಾನು ಹುಳಿಗೆ ಒಗ್ಗರಣೆ ಹಾಕಿ ಬರುವಷ್ಟರಲ್ಲಿ ನೀಲಿ ಪರದೆಯ ಮೇಲೆ ಕೆಂಪು ಸಾಲುಗಳು ಬಿದ್ದಿದ್ದವು.

ಪ್ಲಗ್ ಕಿತ್ತು, ಮೈಯ ವಿದ್ಯುತ್ತು ಇಳಿಯಲೆಂದು ಪೆಟ್ಟಿಗೆಯ ಕಬ್ಬಿಣ ಮುಟ್ಟಿ, ಬಾಗಿಲು ಬಿಚ್ಚಿದೆವು. ಒಳಗೆ ಒಂದೊಂದು ಜಿಬಿಯ ಎರಡು ಪಟ್ಟಿಗಳು. ಮಗಳು ತನ್ನ ರಬ್ಬರಿನಿಂದ ಅವುಗಳ ಚಿನ್ನದ ಬಣ್ಣದ ಅಂಚನ್ನು ಮೆಲ್ಲಗೆ ಉಜ್ಜಿದಳು. "ಒಂದು ಸಲಕ್ಕೆ ಒಂದೇ ಬದಲಾವಣೆ" ಎಂಬುದು ಹುಡುಗನ ಕಟ್ಟಪ್ಪಣೆ. ಉಪ್ಪು, ಹುಳಿ ಎರಡನ್ನೂ ಒಟ್ಟಿಗೆ ಹಾಕಿದರೆ ಯಾವುದು ಹೆಚ್ಚಾಯಿತೆಂದು ತಿಳಿಯುವುದು ಹೇಗೆ? ಮೊದಲ ಪಟ್ಟಿಯೊಂದನ್ನೇ ಹಾಕಿ ರಾತ್ರಿಯಿಡೀ ಪರೀಕ್ಷೆಗೆ ಬಿಟ್ಟೆವು. ಪುಣ್ಯಕ್ಕೆ ಕರೆಂಟು ಹೋಗಲಿಲ್ಲ. ಬೆಳಿಗ್ಗೆ ಒಂದು ಕೆಂಪು ಗೆರೆಯೂ ಇಲ್ಲ. ಅದೇ ಗೂಡಿಗೆ ಎರಡನೆಯದನ್ನು ಹಾಕಿದರೆ ಹತ್ತು ನಿಮಿಷದಲ್ಲಿ ಕೆಂಪು. ಪಕ್ಕದ ಗೂಡಿಗೆ ಹಾಕಿದರೂ ಕೆಂಪು. ತಪ್ಪು ಗೂಡಿನದಲ್ಲ, ಪಟ್ಟಿಯದೇ.

ಆರೋಗ್ಯವಾಗಿದ್ದ ಒಂದೇ ಜಿಬಿಯ ಮೇಲೆ ಲಿನಕ್ಸ್ ತಕರಾರಿಲ್ಲದೆ ಕೂತಿತು. ನಿಧಾನವೇ ಸರಿ, ಆದರೆ ಪಾಠ ಓಡಿತು. ಫೋನಿನಲ್ಲಿ ಹುಡುಗ, "ಹಿಂದೆ ಬರ್ತಿದ್ದ ನೀಲಿ ಪರದೆಗೂ ಹೆಚ್ಚುಕಡಿಮೆ ಇದೇ ಕಾರಣ ಇರಬೇಕು" ಎಂದ. ನಾನು ಅದನ್ನು ಮಗಳಿಗೆ ಹೇಳಿದೆ. ಅವಳು ಕೈಯಲ್ಲಿದ್ದ ಕೆಟ್ಟ ಪಟ್ಟಿಯನ್ನು ತಿರುಗಿಸಿ ನೋಡುತ್ತ, "ಹಾಗಾದ್ರೆ ನಾನು ಕೆಡಿಸಿರ್ಲಿಲ್ಲ ಅಲ್ವಾ ಅಮ್ಮ?" ಎಂದಳು.

ಮೂರು ವರ್ಷ! ನನಗೆ ಮರೆತೇಹೋಗಿದ್ದ ಏಟನ್ನು ಅವಳು ಜೋಪಾನವಾಗಿ ಇಟ್ಟುಕೊಂಡಿದ್ದಳು. ಅವಳ ಮೆಮೊರಿಯಲ್ಲಿ ಯಾವ ದೋಷವೂ ಇರಲಿಲ್ಲ. "ಇಲ್ಲ ಪುಟ್ಟಿ, ತಪ್ಪು ನನ್ನದು" ಎಂದೆ. ಮಕ್ಕಳ ಮುಂದೆ ಈ ಮಾತು ಹೇಳಲು ನಮಗೆ ಯಾಕೆ ಅಷ್ಟು ಗಂಟಲು ಕಟ್ಟುತ್ತದೋ!

2021ರ ಜುಲೈನಲ್ಲಿ ಅವಳು ಪರೀಕ್ಷೆ ಬರೆದಳು, ಪಾಸೂ ಆದಳು. ಮೊನ್ನೆ ನಮ್ಮ ಗ್ರೈಂಡರ್ ನಿಂತಾಗ ಇವರು ಎಂದಿನಂತೆ, "ಯಾರು ಮುಟ್ಟಿದ್ದು?" ಎಂದು ಕೇಳಿದರು. ರಜೆಗೆ ಬಂದಿದ್ದ ಮಗಳು ಕೋಣೆಯಿಂದಲೇ ಕೂಗಿದಳು: "ಅಪ್ಪ, ಮೊದಲು ಪ್ಲಗ್ ನೋಡಿ."