ಅಕ್ಕತಂಗಿಯರ ಚೆನ್ನೆಮಣೆ

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆಗ ಬೆಂಗ್ರೆಯ ಹುಡುಗರಿಗೆ ಕೇರಂ. ಆ ಮನೆಯ ಅಜ್ಜಿಗೆ ಮಾತ್ರ ಅದರ ಟಕಟಕ ಸದ್ದೇ ಆಗದು, ಬೇಕಾದುದು ಚೆನ್ನೆಮಣೆ. 14 ಗುಳಿ, ಗುಳಿಗೆ 4ರಂತೆ 56 ಮಂಜೊಟ್ಟಿ ಕಾಳು. ಯಾವ ಗುಳಿಯಿಂದ ಎತ್ತಿದರೆ ಎಲ್ಲಿ ಮುಗಿಯುವುದೆಂದು ಕಣ್ಣಲ್ಲೇ ಎಣಿಸಿಬಿಡುತ್ತಾರೆ. (ಮಗ್ಗಿ ಕಲಿಸುವ ಮಾಸ್ಟ್ರುಗಳು ನೋಡಬೇಕು!)

ಸರಿಜೋಡಿ ಎಂದರೆ ಆಟಿಯಲ್ಲಿ ಹೊಳೆ ದಾಟಿ ಬರುತ್ತಿದ್ದ ತಂಗಿಯೊಬ್ಬರೇ. ಆದರೆ ಅಕ್ಕತಂಗಿಯರು ಎದುರುಬದುರು ಕೂತು ಆಡಬಾರದೆಂಬ ನಂಬಿಕೆ. ಸಿರಿ ಪಾಡ್ದನದ ಅಬ್ಬಗ-ದಾರಗ ಈ ಆಟದ ಜಗಳದಲ್ಲೇ ಜೀವ ಕಳೆದುಕೊಂಡವರಲ್ಲವೇ? ಅದಕ್ಕೇ ಮೊಮ್ಮಗಳನ್ನು ಮಣೆಯೆದುರು ಕೂರಿಸಿ, ತಂಗಿ ಹಿಂದಿನಿಂದ ಕಿವಿಯಲ್ಲಿ ಗುಳಿ ಹೇಳುತ್ತಿದ್ದರು.

ಈ ಆಟಿಗೆ ತಂಗಿ ಇಲ್ಲ. ಮೊಮ್ಮಗಳು ತಾನೇ ಎಣಿಸಿ ಒಂದು ಗುಳಿಗೆ ಕೈ ಹಾಕಿದಳು. ತಂಗಿ ಹೇಳುತ್ತಿದ್ದುದೂ ಅದನ್ನೇ. ಅಜ್ಜಿ ತುಸು ಹೊತ್ತು ಕಾಳು ಮುಟ್ಟಲಿಲ್ಲ.